ಜೊತೆಗೊಬ್ಬಳಿದ್ದರೆ

ಸಿರುಗುಪ್ಪದ ಹೆಣ್ಣುಮಕ್ಕಳ ಸಾಲಿಗೆ ನಾನು ಹೆಡ್‌ಮಿಸ್ಟ್ರೆಸ್ ಆಗಿ ಹೋದದ್ದು ಯುದ್ಧದ ಕಾಲದಲ್ಲಿ. ಪೆಟ್ರೋಲು ಸಿಗುತ್ತಿರಲಿಲ್ಲ. ಬಳ್ಳಾರಿಯಿಂದ ಹೊರಡುವ ಬಸ್ಸಿನ ಬೆನ್ನಿಗೆ ಇದ್ದಿಲ ಒಲೆ ಕಟ್ಟಿರುತ್ತಿದ್ದರು. ಏರು ಬಂದರೆ ಬಸ್ಸು ನಿಲ್ಲುತ್ತಿತ್ತು. ಗಂಡಸರು ಇಳಿದು ತಳ್ಳುತ್ತಿದ್ದರು, ನಾವು ಹೆಂಗಸರು ಒಳಗೆ ಕೂತು ಹೊಗೆಗೆ ಕೆಮ್ಮುತ್ತಿದ್ದೆವು. ಹಾಗೆ ಮುಖಕ್ಕೆಲ್ಲ ಮಸಿ ಬಳಿದುಕೊಂಡು ಇಳಿದವಳನ್ನು ನೋಡಲು ಮಾರನೆಯ ದಿನ ಓಣಿಯ ಹೆಂಗಸರೆಲ್ಲ ಬಂದರು.

ಅವರಿಗೆ ನನ್ನನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಹಣೆಯಲ್ಲಿ ಕುಂಕುಮವಿಲ್ಲ, ತಲೆಯಲ್ಲಿ ಮಾತ್ರ ಕೂದಲು ಇದೆ. ಕೊನೆಗೆ ಒಬ್ಬ ಮುದುಕಿ ಕೇಳಿಯೇಬಿಟ್ಟಳು.

"ಟೀಚರಮ್ಮಾ, ನೀವು ಮುತ್ತೈದಿ ಹೌದೋ ಅಲ್ಲೋ?"

"ಅಲ್ಲಮ್ಮ."

"ಮತ್ತ ಕೂದಲಾ?"

"ಬೆಳೀತಾವ. ಬಿಟ್ಟೀನಿ."

ಎಲ್ಲರೂ ಬಾಯಿಗೆ ಸೆರಗು ಹಿಡಿದು ನಕ್ಕರು. ನಾನೂ ನಕ್ಕೆ. ಆ ನಗೆಯಿಂದ ಸಿರುಗುಪ್ಪದಲ್ಲಿ ನನಗೆ ಜಾಗ ಸಿಕ್ಕಿತು.

ನನ್ನ ಕಥೆ ಉದ್ದದ್ದಲ್ಲ. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ನಮ್ಮ ಮನೆ. ಅಪ್ಪ ಕೋರ್ಟಿನಲ್ಲಿ ಗುಮಾಸ್ತರು. ಗೊಂಬೆಯಾಟದ ವಯಸ್ಸಿಗೆ ಮದುವೆ ಮಾಡಿದ್ದರು. ಗಂಡನ ಮನೆಗೆ ಹೋಗುವ ಮೊದಲೇ ಆ ಹುಡುಗ ಜ್ವರದಲ್ಲಿ ತೀರಿಕೊಂಡ. ಬಳಗದವರೆಲ್ಲ ಒಂದು ಮಾತು ಹೇಳಿದರೆ ಅಪ್ಪ ಇನ್ನೊಂದು ಮಾಡಿದರು; ನನ್ನನ್ನು ಮದರಾಸಿಗೆ ಕರೆದುಕೊಂಡು ಹೋಗಿ ಓದಲು ಬಿಟ್ಟು ಬಂದರು. ಬಿ.ಎ. ಮುಗಿಸಿ, ಟೀಚರ್ ತರಬೇತಿಯನ್ನೂ ಮುಗಿಸಿ ಬಂದಾಗ ಬಳ್ಳಾರಿ ಸೀಮೆಯಲ್ಲಿ ನನ್ನಂಥವರು ಕಡಿಮೆ. ನನಗೆ ಬಾಗಿಲು ತೆರೆದವರು ಅಪ್ಪ ಒಬ್ಬರೇ. ಅಂಥ ಅಪ್ಪ ಇಲ್ಲದ ಹುಡುಗಿಯರ ಗತಿ ಏನು ಅನ್ನುವುದು ಆಗಿನಿಂದಲೂ ನನ್ನ ತಲೆಯಲ್ಲಿ ಕೂತಿತ್ತು.

ಆ ಕಾಲದ ಓದಿನ ದಾರಿಯನ್ನು ಈಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಹಳ್ಳಿಯ ಸಾಲಿಗಳಲ್ಲಿ ಎಂಟನೆಯ ತರಗತಿವರೆಗೆ ಓದಬಹುದಿತ್ತು, ಆದರೆ ಇಂಗ್ಲಿಷ್ ಇರಲಿಲ್ಲ. ಇಂಗ್ಲಿಷ್ ಇಲ್ಲದೆ ಹೈಸ್ಕೂಲು ಸೇರುವಂತಿಲ್ಲ, ಹೈಸ್ಕೂಲಿಲ್ಲದೆ ಕಾಲೇಜಿಲ್ಲ. ಎಂಟನೆಯದು ಮುಗಿಸಿದ ಹುಡುಗಿ ಎಷ್ಟೇ ಜಾಣೆಯಾಗಿದ್ದರೂ ಹೆಚ್ಚೆಂದರೆ ಸಣ್ಣ ಟ್ರೇನಿಂಗು ಮಾಡಿ ಅದೇ ಹಳ್ಳಿ ಸಾಲಿಗೆ ಟೀಚರಾಗಬೇಕು. ಪೇಟೆಯ ಮಗುವಿಗೊಂದು ದಾರಿ, ಹಳ್ಳಿಯ ಮಗುವಿಗೊಂದು ದಾರಿ. ಎರಡೂ ಎಲ್ಲಿಯೂ ಕೂಡುತ್ತಿರಲಿಲ್ಲ.

ಕೂಡಿಸಬೇಕೆಂದು ನಾನು ಸಾಲಿ ಶುರುವಾಗುವ ಮುಂಚೆ, ಎಳೆಬಿಸಿಲಿನಲ್ಲಿ, ಕಟ್ಟೆಯ ಮೇಲೆ ಇಂಗ್ಲಿಷ್ ಪಾಠ ಆರಂಭಿಸಿದೆ. ಮೇಲಿನವರ ಅಪ್ಪಣೆ ಇರಲಿಲ್ಲ, ಬೇಡವೆಂದವರೂ ಇರಲಿಲ್ಲ. ಎಂಟು ಮುಗಿಸುವಷ್ಟರಲ್ಲಿ ಹುಡುಗಿಯರು ನಾಲ್ಕನೆಯ ಫಾರಂ, ಅಂದರೆ ಹೈಸ್ಕೂಲಿನ ಮೊದಲ ತರಗತಿಯ ಪ್ರವೇಶಕ್ಕೆ ಬೇಕಾದಷ್ಟು ಇಂಗ್ಲಿಷ್ ಕಲಿತಿರಬೇಕು ಎನ್ನುವುದು ನನ್ನ ಲೆಕ್ಕ. ಮೊದಮೊದಲು ಕಟ್ಟೆ ತುಂಬುತ್ತಿತ್ತು. ಹತ್ತಿ ಬಿಡಿಸುವ ಕಾಲ ಬಂದಾಗ ಅರ್ಧ ಖಾಲಿಯಾಯಿತು. ಉಳಿದವರಲ್ಲಿ ಒಬ್ಬಳು ಹೊಳೆದಂಡೆಯ ರಾರಾವಿಯವಳು.

ಅವಳ ಅಪ್ಪ ಹೊಳೆಯಲ್ಲಿ ಹರಿಗೋಲು ನಡೆಸುವವನು. ಅವಳು ಸಿರುಗುಪ್ಪದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಓದುತ್ತಿದ್ದಳು. ಎತ್ತರದ ಹುಡುಗಿ, ಗಟ್ಟಿ ಗಂಟಲು, ಬಾಯಿಗೆ ಬಿಡುವೇ ಇಲ್ಲ. ನನ್ನ ನಡಿಗೆಯನ್ನೂ ನನ್ನ ಮದರಾಸಿನ ಇಂಗ್ಲಿಷನ್ನೂ ಹಾಗೇ ಅನುಕರಿಸಿ ಹುಡುಗಿಯರನ್ನು ನಗಿಸುತ್ತಿದ್ದಳು. ನಾನು ಗೋಡೆಯ ಮರೆಯಲ್ಲಿ ನಿಂತು ಕೇಳಿದ್ದೇನೆ. ಉಚ್ಚಾರಣೆ ನನಗಿಂತ ಚೆನ್ನಾಗಿತ್ತು.

ಒಮ್ಮೆ ಕೇಳಿದಳು: "ಟೀಚರಮ್ಮಾ, ಇಂಗ್ಲಿಷಿನಾಗ ನೀ ಅನ್ನಾಕೂ ನೀವು ಅನ್ನಾಕೂ ಒಂದ ಮಾತೇನ್ರಿ?"

"ಹೂಂ, ಒಂದೇ."

"ಹಂಗಾರ ನಿಮ್ಮನ್ನ ಬೈಯಾಕ ಭಾಳ ಸಸಾರ ಬಿಡ್ರಿ."

ಬೈಯಬೇಕಾದದ್ದು ನಾನು. ನಗು ತಡೆಯಲಾಗದೆ ಕಪ್ಪುಹಲಗೆಯ ಕಡೆ ತಿರುಗಿಕೊಂಡೆ.

ಅವಳು ಎಂಟನೆಯದು ಮುಗಿಸುವ ಹೊತ್ತಿಗೆ ನನಗೆ ಬಳ್ಳಾರಿಯ ಹೆಣ್ಣುಮಕ್ಕಳ ಹೈಸ್ಕೂಲಿಗೆ ವರ್ಗವಾಯಿತು. ಅವಳನ್ನು ಜೊತೆಗೆ ಕರೆದುಕೊಂಡು ಹೋಗಬೇಕೆಂದು ರಾರಾವಿಗೆ ಹೋದೆ. ಅವಳ ಅಪ್ಪ ದಂಡೆಯಲ್ಲಿ ಹರಿಗೋಲು ಬೋರಲು ಹಾಕಿ ತಳಕ್ಕೆ ಡಾಂಬರು ಹಚ್ಚುತ್ತಿದ್ದ. ಕೈ ಕಪ್ಪಾಗಿದ್ದರಿಂದ ಮೊಣಕೈ ಎತ್ತಿ ನಮಸ್ಕಾರ ಮಾಡಿದ.

"ಓದಿದ್ರ ಏನಾಗತಾಳ್ರಿ ಅಮ್ಮಾ?"

"ಹೈಸ್ಕೂಲು ಆದ ಮ್ಯಾಲ ಕಾಲೇಜು. ಬೇಕಂದ್ರ ಡಾಕ್ಟರು. ಇಲ್ಲಂದ್ರ ನನ್ನಂಗ ಹೆಡ್‌ಮಿಸ್ಟ್ರೆಸ್ಸು."

"ನಿಮ್ಮಂಗ ಅಂದ್ರ..." ಎಂದವನು ನನ್ನ ಹಣೆ ನೋಡಿ ಮಾತು ನುಂಗಿಕೊಂಡ. ಆಮೇಲೆ ಡಾಂಬರಿನ ಡಬ್ಬಿ ಪಕ್ಕಕ್ಕಿಟ್ಟು ಹೇಳಿದ: "ತಪ್ಪುಗಾ ಅನುಕೋಕಂಡಿ ಅಮ್ಮಾ. ಆಕಿ ಹಿಂದ ಇನ್ನೂ ಎರಡು ಹೆಣ್ಣು ಅದಾವ. ಆಕಿ ಹೋದ ದಾರಿಗೆ ಅವೂ ಹೋಗತಾವ. ಅದಕ್ಕ ಕೇಳಿದೆ."

ಸೀಮೆಯ ಜನರ ಮಾತಿನಲ್ಲಿ ತೆಲುಗು ಹೀಗೆ ಸುಮ್ಮನೆ ಬಂದುಹೋಗುತ್ತದೆ. ತಪ್ಪು ತಿಳಿಯಬೇಡಿ ಅನ್ನುವುದಕ್ಕೆ ಅವನು ಬಳಸಿದ ಮಾತದು. ನಾನು ತಪ್ಪು ತಿಳಿಯಲಿಲ್ಲ. ಆ ತಂದೆ ಕೇಳಿದ್ದು ನ್ಯಾಯವಾದ ಪ್ರಶ್ನೆ.

ಬಳ್ಳಾರಿಯಲ್ಲಿ ಅಪ್ಪ ತೀರಿಕೊಂಡು ಮನೆಯಲ್ಲಿ ಅಮ್ಮ ಒಬ್ಬಳೇ ಇದ್ದಳು. ಹೊರಗಿನ ಪಡಸಾಲೆ ಮತ್ತು ಅದರ ಪಕ್ಕದ ಕೋಣೆಯನ್ನು ಹಳ್ಳಿಯ ಹುಡುಗಿಯರಿಗೆ ಬಿಟ್ಟುಕೊಟ್ಟೆ. ಅದಕ್ಕೆ ಹಾಸ್ಟೆಲು ಎಂದು ಹೆಸರು ಬಂದದ್ದು ಓಣಿಯವರ ಬಾಯಲ್ಲಿ. ರಾರಾವಿಯವಳು ಬಂದಳು, ಹಚ್ಚೊಳ್ಳಿಯಿಂದ ಅಕ್ಕತಂಗಿಯರಿಬ್ಬರು ಬಂದು ವರ್ಷದೊಳಗೆ ವಾಪಸು ಹೋದರು. ಅದೇ ವರ್ಷ ಕುರುಗೋಡಿನಿಂದ ಇನ್ನೊಬ್ಬಳು ಬಂದಳು.

ಕುರುಗೋಡಿನವಳ ಮನೆ ಊರ ಹೊರಗಿನ ಕೇರಿಯಲ್ಲಿತ್ತು. ಅವಳ ಅಪ್ಪ ಗುಡ್ಡದಲ್ಲಿ ಕಲ್ಲು ಒಡೆಯುತ್ತಿದ್ದ, ತಾಯಿ ಹೊಲದ ಕೂಲಿಗೆ ಹೋಗುತ್ತಿದ್ದಳು. ಅಲ್ಲಿನ ಮೇಷ್ಟರೊಬ್ಬರು ಇವಳಿಗೆ ಇಂಗ್ಲಿಷ್ ಹೇಳಿಕೊಟ್ಟು, ತಾವೇ ಕರೆತಂದು ನನ್ನ ಮುಂದೆ ನಿಲ್ಲಿಸಿದರು. ಮಾತು ಬಹಳ ಕಡಿಮೆ. ಬೀಜಗಣಿತದ ಪುಸ್ತಕ ಸಿಕ್ಕರೆ ಊಟಕ್ಕೆ ಕರೆದರೂ ಕೇಳಿಸುತ್ತಿರಲಿಲ್ಲ.

ಅಮ್ಮ ಅವಳನ್ನು ಬೇಡ ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ. "ಪಡಸಾಲ್ಯಾಗ ಇರಲಿ. ಅಡಿಗಿ ಮನಿ ಹೊಸ್ತಿಲಾ ದಾಟಬಾರದು. ನಾ ಸತ್ತ ಮ್ಯಾಲ ನಿನಗ ತಿಳಿದಂಗ ಮಾಡು," ಎಂದಳು. ನಾನು ಹುಡುಗಿಯರ ಜೊತೆ ಪಡಸಾಲೆಯಲ್ಲೇ ಉಣ್ಣತೊಡಗಿದೆ. ಅಮ್ಮ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಪುಡಿ ಎಲ್ಲವನ್ನೂ ಹೊಸ್ತಿಲಲ್ಲಿಟ್ಟು ಹಿಂದೆ ಸರಿಯುತ್ತಿದ್ದಳು. ಅವಳ ಕಣ್ಣು ಮಂಜಾಗಿತ್ತು. ಸಂಜೆ ಕುರುಗೋಡಿನ ಹುಡುಗಿ ಪಡಸಾಲೆಯಲ್ಲಿ ಕೂತು ಪೇಪರು ಓದಬೇಕು, ಅಮ್ಮ ಒಳಗಿನಿಂದ ಕೇಳಬೇಕು. "ಜೋರಾಗಿ ಓದವಾ, ಯುದ್ಧ ಎಲ್ಲಿಗೆ ಬಂತು?" ಅನ್ನುತ್ತಿದ್ದಳು. ಓದುವುದು ಒಂದು ದಿನ ತಪ್ಪಿದರೆ ಅಮ್ಮನಿಗೆ ತಡೆಯುತ್ತಿರಲಿಲ್ಲ. ಆದರೂ ಆ ಹೊಸ್ತಿಲು ಹಾಗೇ ಉಳಿಯಿತು. ಅಮ್ಮ ಕೊನೆಯವರೆಗೂ ಬದಲಾಗಲಿಲ್ಲ. ಬದಲಾದಳು ಎಂದು ಬರೆಯಲು ನನಗೂ ಆಸೆಯೇ.

ಆ ಇಬ್ಬರು ಹುಡುಗಿಯರು ಮಾತ್ರ ಒಂದೇ ಹಾಸಿಗೆಯಲ್ಲಿ ಮಲಗಿ ಒಂದೇ ಲಾಟೀನಿನಲ್ಲಿ ಓದಿದರು. ಸೀಮೆಎಣ್ಣೆಗೆ ಕೂಪನ್ನು, ಅಕ್ಕಿಗೆ ಕೂಪನ್ನು. ಇಬ್ಬರೂ ಸರದಿಯಲ್ಲಿ ನಿಂತು ತರುತ್ತಿದ್ದರು. ಇಟಲಿಯ ಯುದ್ಧಕೈದಿಗಳನ್ನು ತುಂಬಿಕೊಂಡು ಊರಾಚೆಯ ಶಿಬಿರಕ್ಕೆ ಲಾರಿಗಳು ಹೋದರೆ ರಾರಾವಿಯವಳು ನಡುರಸ್ತೆಯಲ್ಲಿ ನಿಂತು ನೋಡುವಳು, ಕುರುಗೋಡಿನವಳು ಅವಳ ಸೆರಗು ಹಿಡಿದು ಜಗ್ಗುವಳು. ಒಬ್ಬಳಿಗೆ ಇಂಗ್ಲಿಷು, ಒಬ್ಬಳಿಗೆ ಲೆಕ್ಕ. ಒಬ್ಬಳ ಕೊರತೆಯನ್ನು ಇನ್ನೊಬ್ಬಳು ತುಂಬುತ್ತಿದ್ದಳು. ಯುದ್ಧ ಮುಗಿದ ಮೇಲಿನ ಬೇಸಿಗೆಯಲ್ಲಿ ಇಬ್ಬರೂ ಎಸ್ಸೆಸ್ಸೆಲ್ಸಿ ಪಾಸಾದರು.

ಅದೇ ಸುಮಾರಿಗೆ ಬಳ್ಳಾರಿಗೆ ಕಾಲೇಜು ಬಂದಿತ್ತು. ಅಲ್ಲಿಯವರೆಗೆ ಇಂಟರ್ ಓದಬೇಕೆಂದರೆ ಅನಂತಪುರಕ್ಕೋ ಮದರಾಸಿಗೋ ಹೋಗಬೇಕಿತ್ತು. ಈಗ ಮನೆಯಿಂದ ನಡೆದು ಹೋಗಬಹುದು. ಹುಡುಗಿಯರನ್ನು ಸೇರಿಸಬಾರದೆಂಬ ನಿಯಮ ಎಲ್ಲಿಯೂ ಇರಲಿಲ್ಲ. ಆದರೆ ಹುಡುಗಿಯರು ಯಾರೂ ಬಂದೂ ಇರಲಿಲ್ಲ. ನಾನು ಕಾಲೇಜು ನಡೆಸುತ್ತಿದ್ದ ಊರಿನ ಹಿರಿಯರನ್ನು ಕಂಡೆ. ಅವರಲ್ಲಿ ಮಾತು ನಡೆಯುತ್ತಿದ್ದದ್ದು ಒಬ್ಬ ವಕೀಲರದ್ದು. ಒಳ್ಳೆಯವರೇ. ಅಪ್ಪನನ್ನು ಬಲ್ಲವರು.

"ಗಂಡುಹುಡುಗರ ನಡುವ ಒಬ್ಬಾಕಿ ಹುಡುಗಿ ಕುಂತ್ರ ಊರು ಸುಮ್ಮನಿರೂದಿಲ್ಲಮ್ಮ," ಎಂದರು. "ನಾಳೆ ಏನರೆ ಒಂದು ಮಾತು ಬಂದ್ರ ಇನ್ನ ಹತ್ತು ವರ್ಷ ಯಾರೂ ಹೆಣ್ಣುಮಕ್ಕಳನ್ನ ಕಳಸೂದಿಲ್ಲ. ಜೊತಿಗೊಬ್ಬಾಕಿ ಇದ್ರ ನೋಡೋಣ. ಇಬ್ಬರು ಕೂಡಿ ಬರಲಿ, ಕೂಡಿ ಹೋಗಲಿ. ನಾ ಎಲ್ಲಾರನ್ನೂ ಒಪ್ಪಿಸತೀನಿ."

ಇಬ್ಬರು ನನ್ನ ಮನೆಯಲ್ಲೇ ಇದ್ದರು. ನಾನು ಕೈಮುಗಿದು ಬಂದೆ. ಆ ದಿನ ಪೇಟೆಯಿಂದ ಮಿರ್ಚಿ, ಮಂಡಕ್ಕಿ ತಂದು ಪಡಸಾಲೆಯಲ್ಲಿ ಹಬ್ಬ ಮಾಡಿದೆವು. ರಾರಾವಿಯವಳು ವಕೀಲರಂತೆ ಕನ್ನಡಕ ಜಾರಿಸಿ, "ಜೊತಿಗೊಬ್ಬಾಕಿ ಇದ್ರ ನೋಡೋಣ" ಎಂದು ಅಂದದ್ದಕ್ಕೆ, ಎಂದೂ ನಗದ ಕುರುಗೋಡಿನವಳು ನೆತ್ತಿಗೆ ಹತ್ತಿ ಕೆಮ್ಮುವಷ್ಟು ನಕ್ಕಳು. ಒಳಗಿನಿಂದ ಅಮ್ಮ, "ಏನಾತು, ಏನಾತು?" ಎಂದು ಕೂಗಿದಳು.

ಕಾಲೇಜು ಶುರುವಾಗಲು ಇನ್ನೂ ಕೆಲವು ದಿನಗಳಿದ್ದಾಗ ರಾರಾವಿಯಿಂದ ಅವಳ ಅಪ್ಪ ಬಂದ. ಜಗಲಿಯ ಮೇಲೆ ಕೂತು ನೀರು ಕುಡಿದ. ಆಮೇಲೆ ಹೇಳಿದ. ರಾರಾವಿಯ ಹೆಣ್ಣುಮಕ್ಕಳ ಸಣ್ಣ ಸಾಲಿಗೆ ಇದ್ದ ಒಬ್ಬಳೇ ಟೀಚರು ಗಂಡನ ಊರಿಗೆ ಹೋಗಿಬಿಟ್ಟಿದ್ದಾಳೆ. ಬೇರೆ ಹೆಂಗಸು ಸಿಗದಿದ್ದರೆ ಡಿಸ್ಟ್ರಿಕ್ಟ್ ಬೋರ್ಡಿನವರು ಸಾಲಿ ಮುಚ್ಚಿ ಗಂಡುಮಕ್ಕಳ ಸಾಲಿಗೆ ಸೇರಿಸುತ್ತಾರೆ. ಗಂಡುಮಕ್ಕಳ ಜೊತೆ ಕೂರಿಸುವುದಿದ್ದರೆ ನಾವು ಕಳಿಸುವುದಿಲ್ಲ ಎಂದು ಊರಿನವರು ಆಗಲೇ ಹುಡುಗಿಯರನ್ನು ಬಿಡಿಸಿ ದನದ ಹಿಂದೆ ಅಟ್ಟಿದ್ದಾರೆ. ಅವನ ಸಣ್ಣ ಮಕ್ಕಳಿಬ್ಬರೂ ಅದರಲ್ಲಿದ್ದರು. ಎಸ್ಸೆಸ್ಸೆಲ್ಸಿ ಆದ ಹೆಂಗಸು ಸಿಕ್ಕರೆ ಟ್ರೇನಿಂಗು ಇಲ್ಲದಿದ್ದರೂ ಈಗಲೇ ಕೆಲಸ ಕೊಟ್ಟು, ಆಮೇಲೆ ಟ್ರೇನಿಂಗಿಗೆ ಕಳಿಸುತ್ತಾರಂತೆ.

"ನಾ ಹೋಗು ಅನ್ನಾಕ ಬಂದಿಲ್ರಿ," ಎಂದ. "ಊರಾಗ ಹಿಂಗಾಗೈತಿ ಅಂತ ಹೇಳಾಕ ಬಂದೀನಿ. ಹೇಳಲಿಲ್ಲಂದ್ರ ನಾಳಿ ಆಕಿನ ನನ್ನ ಕೇಳತಾಳ, ಯಾಕ ಹೇಳಲಿಲ್ಲ ಅಂತ."

ರಾರಾವಿಯವಳು ಕಂಬಕ್ಕೆ ಒರಗಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಮರುದಿನ ಬೆಳಿಗ್ಗೆ ನಾನು ಹೂವಿನ ಗಿಡಕ್ಕೆ ನೀರು ಹಾಕುವಾಗ ಬಂದು ನಿಂತಳು.

"ನಾ ಹೋಗತೀನ್ರಿ ಟೀಚರಮ್ಮ."

ನನಗೆ ಗೊತ್ತಿತ್ತು, ಆದರೂ ಕೇಳಿದೆ. "ಎಲ್ಲಿಗೆ?"

"ರಾರಾವಿಗೆ. ಸಾಲಿ ಮುಚ್ಚಿದ್ರ ಮತ್ತ ತೆಗಿಯಂಗಿಲ್ರಿ ಅವರು. ನನ್ನ ತಂಗ್ಯಾರು ದನಾ ಕಾಯಾಕ ಹತ್ಯಾರ."

"ಎರಡು ವರ್ಷ ತಡೆದ್ರ ಇಂಟರ್ ಆಗತದ. ಇನ್ನೆರಡು ವರ್ಷಕ್ಕ ಬಿ.ಎ. ಆಮ್ಯಾಲ ನೀನು ಒಂದು ಸಾಲಿ ಅಲ್ಲ, ಇಡೀ ತಾಲೂಕಿನ ಸಾಲಿ ನಡಸಬಹುದು. ಈಗ ಟ್ರೇನಿಂಗು ಕಡೆ ಹೊಳ್ಳಿದ್ರ ತಿರುಗಿ ಬರೂದು ಕಷ್ಟ. ಆ ದಾರಿ ನನಗ ಗೊತ್ತದ."

"ನನಗೂ ಗೊತ್ತೈತ್ರಿ. ನೀವ ಹೇಳಿದ್ರಿ," ಎಂದಳು. "ನಾ ತಾಲೂಕು ನಡಸೂ ಹೊತ್ತಿಗೆ ಅವರು ಮೂರು ಮಕ್ಕಳ ತಾಯಿ ಆಗಿರತಾರ."

ಇವತ್ತಿಗೂ ಆ ವಾದವನ್ನು ಎಷ್ಟು ಸಲ ಮನಸ್ಸಿನಲ್ಲಿ ಹೂಡಿದರೂ ಅವಳೇ ಗೆಲ್ಲುತ್ತಾಳೆ.

"ಮತ್ತ ಆಕಿ?" ಎಂದೆ. ಪಡಸಾಲೆಯಲ್ಲಿ ಕುರುಗೋಡಿನವಳು ಹಾಸಿಗೆ ಸುತ್ತುತ್ತಿದ್ದಳು. ರಾರಾವಿಯವಳ ಮುಖ ಆಗ ಬಾಡಿತು. ನಾನು ಅವಳು ಅತ್ತದ್ದನ್ನು ನೋಡಿದ್ದು ಅದೊಂದೇ ಸಲ.

"ಇನ್ನೊಬ್ಬಾಕಿನ್ನ ಹುಡುಕ್ರಿ. ಇಷ್ಟು ದೊಡ್ಡ ಊರಾಗ ಒಬ್ಬಾಕಿ ಸಿಗಂಗಿಲ್ಲೇನ್ರಿ?"

ಅಪ್ಪ ಮಗಳು ಮಧ್ಯಾಹ್ನದ ಬಸ್ಸಿಗೆ ಹೊರಟುಹೋದರು. ನಾನು ಅಂದಿನಿಂದಲೇ ಹುಡುಕತೊಡಗಿದೆ. ನನ್ನ ಹೈಸ್ಕೂಲಿನಲ್ಲಿ ಓದಿ ಪಾಸಾದ ಹುಡುಗಿಯರ ಮನೆಗಳಿಗೆ ಹೋದೆ. ಬಳ್ಳಾರಿಯ ಬಿಸಿಲು ಎಂಥದ್ದೆಂದು ಬಲ್ಲವರಿಗೆ ಗೊತ್ತು; ಆಷಾಢ ಹತ್ತಿರ ಬಂದರೂ ಗುಡ್ಡದ ಬಂಡೆ ಕಾದು ಊರಿನ ಮೇಲೆ ಉಸಿರು ಬಿಡುತ್ತಿರುತ್ತದೆ. ಒಂದು ಮನೆಯಲ್ಲಿ ಮದುವೆ ಗೊತ್ತಾಗಿತ್ತು. ಇನ್ನೊಂದು ಮನೆಯಲ್ಲಿ ಅಜ್ಜಿ ಬಾಗಿಲಿಗೇ ಬಂದು ನಿಂತಳು. ಒಬ್ಬ ವ್ಯಾಪಾರಸ್ಥರು ನನ್ನನ್ನು ಕೂರಿಸಿ, ಶರಬತ್ತು ತರಿಸಿ, ಎಲ್ಲ ಕೇಳಿಕೊಂಡರು. ಮಗಳು ಒಳಗಿನಿಂದ ಇಣುಕುತ್ತಿದ್ದಳು. ಹೋಗಬೇಕೆಂಬ ಆಸೆ ಅವಳ ಕಣ್ಣಿನಲ್ಲೇ ಇತ್ತು.

"ಯಾರ ಜೊತಿಗೆ ಅಂದ್ರಿ?"

ಹೇಳಿದೆ. ಯಾವ ಊರು, ಯಾವ ಕೇರಿ ಎಂದು ಕೇಳಿದರು. ಅದನ್ನೂ ಹೇಳಿದೆ. ಅವರು ಲೋಟವನ್ನು ಕೆಳಗಿಟ್ಟರು.

"ಜೊತಿಗೊಬ್ಬಾಕಿ ಬೇಕು, ಖರೆ. ಆದ್ರ ನಮ್ಮ ಹುಡುಗಿಗೂ ಒಂದು ಜೊತಿ ಅನ್ನೂದು ಇರತದಲ್ರಿ," ಎಂದರು. ಮೆತ್ತಗೆ, ಮರ್ಯಾದೆಯಿಂದ. ಆ ಮರ್ಯಾದೆಯೇ ನನ್ನನ್ನು ಬಹಳ ದಿನ ಸುಟ್ಟಿತು.

ವಕೀಲರ ಹತ್ತಿರ ಮತ್ತೆ ಹೋದೆ. ಅವಳೊಬ್ಬಳನ್ನೇ ಸೇರಿಸಿಕೊಳ್ಳಿ, ದಿನಾ ನಾನೇ ಬಿಟ್ಟು ನಾನೇ ಕರೆತರುತ್ತೇನೆ ಎಂದೆ. ಅವರು ತಲೆ ತಗ್ಗಿಸಿದರು. "ಇಬ್ಬರು ಅಂತ ನಾನೇ ಎಲ್ಲಾರ ಮುಂದ ಹೇಳೀನಮ್ಮ. ಈಗ ಒಬ್ಬಾಕಿ ಅಂದ್ರ ಯಾರು ಒಪ್ಪತಾರ? ಮುಂದಿನ ವರ್ಷ ನೋಡೋಣ."

ಅಷ್ಟರಲ್ಲಿ ಕುರುಗೋಡಿನವಳು ತಾಯಿಯನ್ನು ನೋಡಿಬರುತ್ತೇನೆಂದು ಊರಿಗೆ ಹೋದವಳು ಬಂದಿರಲಿಲ್ಲ. ನಾನೇ ಹೋದೆ. ಕೇರಿಯಲ್ಲಿ ಅವಳ ಮನೆಯ ಮುಂದೆ ತಾಯಿ ಮಗಳು ಕೂತು ಬಿತ್ತನೆಗೆಂದು ಶೇಂಗಾ ಸುಲಿಯುತ್ತಿದ್ದರು. ನನಗೆ ಕೂರಲು ಗೋಣಿಚೀಲ ಹಾಕಿದರು. ನಾನು ನಡೆದದ್ದೆಲ್ಲ ಹೇಳಿದೆ. ಆ ವ್ಯಾಪಾರಸ್ಥರ ಮಾತೊಂದನ್ನು ಬಿಟ್ಟು. ಬಿಟ್ಟದ್ದನ್ನು ಆ ತಾಯಿ ತಾನೇ ತುಂಬಿಕೊಂಡಳು.

"ಯಾರೂ ಒಪ್ಪಂಗಿಲ್ರಿ ಅಮ್ಮಾ. ನಮಗ ಗೊತ್ತಿಲ್ಲೇನು?" ಎಂದಳು. ಸಿಟ್ಟಿನಿಂದ ಅಲ್ಲ. "ನೀವು ಅದೀರಿ ಅಂತ ಇಲ್ಲೀತನಕ ಬಂತು. ಆದ್ರ ಸಾಲಿ ಬಾಗಿಲ ಒಳಗ ನೀವು ಇರಂಗಿಲ್ಲಲ್ರಿ. ಒಬ್ಬಾಕಿನ್ನ ಹೆಂಗ ಬಿಡಲಿ?"

ಮಗಳು ತಲೆ ಎತ್ತದೆ ಶೇಂಗಾ ಸುಲಿಯುತ್ತಲೇ ಇದ್ದಳು. ನಾನು ಏಳುವಾಗ ಕೇಳಿದಳು: "ಮುಂದಿನ ವರ್ಷ ಇನ್ನೊಬ್ಬಾಕಿ ಸಿಗತಾಳೇನ್ರಿ?"

"ಸಿಗತಾಳ," ಎಂದೆ.

ಸಿಗಲಿಲ್ಲ. ಅವಳೂ ಬಹಳ ದಿನ ಕಾಯಲಿಲ್ಲ. ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿ ಹೆರಿಗೆ ಮಾಡಿಸುವ ನರ್ಸುಗಳ ತರಬೇತಿ ಇತ್ತು. ಅಲ್ಲಿ ಜಾತಿ ಕೇಳುತ್ತಿರಲಿಲ್ಲ, ಯಾಕೆಂದರೆ ಆ ಕೆಲಸಕ್ಕೆ ಮೇಲಿನ ಜಾತಿಯವರು ಬರುತ್ತಿರಲಿಲ್ಲ. ಅವಳು ಸೇರಿದಳು. ಬಿಡುವಿನ ದಿನ ಮನೆಗೆ ಬಂದು ಪಡಸಾಲೆಯಲ್ಲಿ ಕೂತು ಅಮ್ಮನಿಗೆ ಪೇಪರು ಓದಿ ಹೋಗುತ್ತಿದ್ದಳು. ಕೋಣೆಯ ಗೂಡಿನಲ್ಲಿ ಅವಳ ಬೀಜಗಣಿತದ ಪುಸ್ತಕ ಇತ್ತು. ಒಂದು ದಿನ "ತಗೊಂಡು ಹೋಗಲ್ಲೇನು?" ಎಂದೆ. "ಇರಲಿ ಬಿಡ್ರಿ, ಮುಂದ ಬರೂ ಹುಡುಗ್ಯಾರಿಗೆ ಆಗತೈತಿ," ಎಂದಳು.

ಸ್ವಾತಂತ್ರ್ಯ ಬಂತು. ನಾನು ಹೈಸ್ಕೂಲಿನ ಮುಖ್ಯಸ್ಥೆಯಾದೆ. ಸಭೆಗಳಿಗೆ ಕರೆಯುತ್ತಿದ್ದರು, ಹೆಣ್ಣುಮಕ್ಕಳ ವಿದ್ಯಾಭ್ಯಾಸದ ಬಗ್ಗೆ ಮಾತಾಡಿಸುತ್ತಿದ್ದರು, ಹಾರ ಹಾಕುತ್ತಿದ್ದರು. ಹಳ್ಳಿ ಸಾಲಿಗಳಲ್ಲಿ ಇಂಗ್ಲಿಷ್ ಪಾಠ ನಡೆಸಲು ಅನುಮತಿ ಸಿಕ್ಕಿತು. ಸಿರುಗುಪ್ಪದ ಕಟ್ಟೆಯ ಮೇಲೆ ಕಳ್ಳತನದಲ್ಲಿ ಮಾಡಿದ್ದನ್ನು ಈಗ ರಾಜಾರೋಷವಾಗಿ ಮಾಡಬಹುದಿತ್ತು. ಮನೆಯ ಹಾಸ್ಟೆಲಿಗೆ ಹೊಸ ಹುಡುಗಿಯರು ಬಂದರು, ಪಾಸಾದರು, ಕೆಲವರು ಕಾಲೇಜಿಗೂ ಹೋದರು. ನೋಡುವವರಿಗೆ ಎಲ್ಲ ಸರಿಯಾಗಿಯೇ ನಡೆದಿತ್ತು. ಆದರೆ ಕಾಲೇಜಿನ ದಾರಿಯಲ್ಲಿ ಮೊದಲು ನಡೆದ ಹುಡುಗಿಯರು ಪೇಟೆಯ ಡಾಕ್ಟರರ, ವಕೀಲರ ಮನೆಯವರು. ನಾನು ಆ ದಾರಿ ಮಾಡಬೇಕೆಂದುಕೊಂಡದ್ದು ಯಾರಿಗಾಗಿಯೋ, ಅವರಿಬ್ಬರು ಅದರಲ್ಲಿ ಕಾಲಿಡಲಿಲ್ಲ.

ರಾರಾವಿಯವಳು ಸಾಲಿ ಉಳಿಸಿದಳು. ಟ್ರೇನಿಂಗು ಮುಗಿಸಿ ಬಂದಳು. ಕಂಡಾಗೆಲ್ಲ ನಾನು ಒಂದೇ ಮಾತು ಹೇಳುತ್ತಿದ್ದೆ: ಖಾಸಗಿಯಾಗಿ ಇಂಟರಿಗೆ ಕೂರು, ಟೀಚರುಗಳಿಗೆ ಹಾಗೆ ಕೂರಲು ಅವಕಾಶವಿದೆ. ಬಹಳ ದಿನದ ಮೇಲೆ ಒಪ್ಪಿದಳು. ನಾನು ಪುಸ್ತಕ ಕಳಿಸಿದೆ. ಸಾಲಿ, ಮನೆ, ಹೊಲ, ಮುಪ್ಪಾದ ಅಪ್ಪ, ಎಲ್ಲದರ ನಡುವೆ ಓದಿದಳು. ಇನ್ನೇನು ಪರೀಕ್ಷೆಗೆ ಕೂರಬೇಕು ಅನ್ನುವಾಗ ಸೀಮೆ ಹೋಳಾಯಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಅಲ್ಲಿಯವರೆಗೆ ಮದರಾಸಿನಲ್ಲಿದ್ದ ಬಳ್ಳಾರಿ ಮೈಸೂರಿಗೆ ಸೇರಿತು. ಊರೆಲ್ಲ ತೋರಣ ಕಟ್ಟಿದರು, ನಾನೂ ನನ್ನ ಹುಡುಗಿಯರನ್ನು ಮೆರವಣಿಗೆಗೆ ಕರೆದುಕೊಂಡು ಹೋದೆ. ಕನ್ನಡದವರ ಕೈಗೆ ಕನ್ನಡದ ಊರು ಬಂತೆಂದು ನನಗೂ ಸಂತೋಷವೇ. ಆದರೆ ಅವಳು ಓದಿದ್ದು ಮದರಾಸಿನ ಪಾಠ. ಇನ್ನು ಮುಂದೆ ಯಾವ ಪರೀಕ್ಷೆ, ಯಾವ ಪುಸ್ತಕ, ಖಾಸಗಿಯವರನ್ನು ಕೂರಿಸುತ್ತಾರೋ ಇಲ್ಲವೋ, ಕೇಳಿದರೆ ಹೇಳುವವರಿಲ್ಲ. ನಾನು ಕಚೇರಿಯಿಂದ ಕಚೇರಿಗೆ ಅಲೆದೆ. ಎಲ್ಲರೂ "ಸ್ವಲ್ಪ ತಡೀರಿ" ಎಂದರು. ಯಾರ ಮೇಲೂ ದೂರು ಹೇಳುವಂತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ.

ಅದನ್ನು ಹೇಳಲು ರಾರಾವಿಗೆ ಹೋದೆ. ಸಾಲಿ ಬಿಟ್ಟಿತ್ತು. ಅವಳು ಹುಡುಗಿಯರನ್ನು ಮನೆಗೆ ಕಳಿಸಿ ಬಾಗಿಲು ಹಾಕುತ್ತಿದ್ದಳು. ಮೈ ಸ್ವಲ್ಪ ತುಂಬಿತ್ತು, ಗಂಟಲು ಹಾಗೇ ಇತ್ತು. ನಾನು ಹೇಳಿದ್ದನ್ನು ಕೇಳಿ, "ಮೊದಲಿಂದ ಮತ್ತ ಓದಬೇಕೇನ್ರಿ?" ಎಂದಳು.

"ಹಂಗ ಕಾಣತದ."

"ಆಗಂಗಿಲ್ರಿ ಟೀಚರಮ್ಮ. ಸಾಕಾಗೈತಿ."

ಬೇವಿನ ನೆರಳಲ್ಲಿ ಕೂತೆವು. ಎಷ್ಟೋ ವರ್ಷ ನಾಲಗೆಯ ತುದಿಯಲ್ಲಿದ್ದದ್ದನ್ನು ಆ ದಿನ ಕೇಳಿದೆ. "ಆವತ್ತು ಹೋಗಿದ್ರ ಚಲೋ ಇತ್ತು ಅನಸತದೇನು?"

ಇಲ್ಲ ಅನ್ನುತ್ತಾಳೆ ಎಂದುಕೊಂಡಿದ್ದೆ. ಹಾಗೆ ಅಂದಿದ್ದರೆ ನನಗೆ ಹಗುರಾಗುತ್ತಿತ್ತು.

"ಅನಸತೈತ್ರಿ," ಎಂದಳು. "ಸಾಲಿ ಉಳಿತು, ತಂಗ್ಯಾರು ಓದಿದ್ರು, ಎಲ್ಲಾ ಖರೆ. ಆದ್ರೂ ಅನಸತೈತಿ. ಇಲ್ಲ ಅಂದ್ರ ಸುಳ್ಳಾಗತೈತಿ." ನೆಲದ ಮೇಲೆ ಬಿದ್ದಿದ್ದ ಬೇವಿನ ಹಣ್ಣನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದಳು. "ನನ್ನದು ಬಿಡ್ರಿ. ನಾ ಬೇಕಂತ ಬಂದಾಕಿ. ಆಕಿದು ನೋಡ್ರಿ."

ಕುರುಗೋಡಿನವಳಿಗೆ ಆಗ ಸಿರುಗುಪ್ಪದಲ್ಲಿ ಕೆಲಸ. ಸೀಮೆಯ ಹಳ್ಳಿಗಳಲ್ಲೆಲ್ಲ ಹೆರಿಗೆಗೆ ಅವಳೇ ಬೇಕು ಅನ್ನುವಷ್ಟು ಹೆಸರು. ರಾರಾವಿಗೂ ಬರುತ್ತಿದ್ದಳಂತೆ.

"ಬಂದಾಗ ನಿಮ್ಮ ಮನಿಗೆ ಬರತಾಳೇನು?" ಎಂದೆ.

"ಬರತಾಳ್ರಿ. ಉಣತಾಳ, ನಕ್ಕೋತ ಮಾತಾಡತಾಳ. ಪೇಟೀ ಮಾತು, ಅಮ್ಮಾರ ಮಾತು, ಲಾಟೀನಿನ ಮಾತು, ಎಲ್ಲಾ ಬರತಾವ. ಕಾಲೇಜಿನ ಮಾತು ಮಾತ್ರ ಇಬ್ಬರೂ ತೆಗಿಯಂಗಿಲ್ಲ." ಅವಳು ಎದ್ದು ಸೀರೆಯ ಧೂಳು ಕೊಡವಿದಳು. "ಆಕಿ ನನ್ನ ಒಂದಿನಾನೂ ಅಂದಿಲ್ರಿ. ಅಂದಿದ್ರ ಚಲೋ ಆಗತಿತ್ತು."

ನನಗೂ ಹಾಗೇ ಅನಿಸುತ್ತಿತ್ತು. ಕುರುಗೋಡಿನವಳು ನನ್ನನ್ನೂ ಒಂದು ಮಾತು ಅಂದಿರಲಿಲ್ಲ.

ಹೊರಡುವಾಗ ಅವಳು ತನ್ನ ಕಿರಿಯ ತಂಗಿಯನ್ನು ನನ್ನ ಜೊತೆಗೆ ಕಳಿಸಿದಳು. ಅಕ್ಕನ ಸಾಲಿಯಲ್ಲಿ ಓದಿ, ನನ್ನ ಹೈಸ್ಕೂಲಿನಲ್ಲಿ ಪಾಸಾಗಿ ಊರಿಗೆ ಬಂದಿದ್ದ ಹುಡುಗಿ. ಮರುದಿನ ಅವಳನ್ನು ಕರೆದುಕೊಂಡು ಕಾಲೇಜಿಗೆ ಹೋದೆ. ಆ ವೇಳೆಗೆ ವಕೀಲರು ತೀರಿಕೊಂಡಿದ್ದರು. ಕೋಣೆಯಲ್ಲಿದ್ದ ಗುಮಾಸ್ತ ಹೊಸಬ, ಹುಡುಗ. ನಾನು ಹೇಳಬೇಕಾದದ್ದನ್ನೆಲ್ಲ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ: ಇವಳು ಯಾರು, ಎಲ್ಲಿರುತ್ತಾಳೆ, ಯಾರು ಬಿಡುತ್ತಾರೆ, ಯಾರು ಕರೆತರುತ್ತಾರೆ.

"ಪೋಷಕರು ನೀವೇನ್ರಿ?" ಎಂದ. ಹೌದೆಂದೆ. "ಇಲ್ಲೊಂದು ಸಹಿ ಹಾಕ್ರಿ." ಹಾಕಿದೆ. "ಸೋಮವಾರದಿಂದ ಕ್ಲಾಸು. ಆಕಡೆ ಹೆಣ್ಣುಮಕ್ಕಳ ಕೋಣಿ ಅದ, ತೋರಿಸತಾರ."

ಅಷ್ಟೇ. ಅವನು ಮುಂದಿನವರನ್ನು ಕರೆದ.

ಹುಡುಗಿ ಕುಣಿಯುತ್ತಾ ಹೊರಗೆ ಬಂದಳು. ಹೆಣ್ಣುಮಕ್ಕಳ ಕೋಣೆಯ ಕಿಟಕಿಯಲ್ಲಿ ಯಾರೋ ನಗುತ್ತಿದ್ದರು. "ಮುಗೀತೇನ್ರಿ, ಇಷ್ಟ ಏನ್ರಿ?" ಎಂದು ಕೇಳಿದಳು. ಇಷ್ಟೇ, ಮಗಾ, ಇಷ್ಟೇ ಎಂದೆ. ಕಣ್ಣಿಗೆ ಏನೋ ಬಿತ್ತೆಂದು ಹೇಳಿ ಸೆರಗಿನಿಂದ ಒರೆಸಿಕೊಂಡೆ. ಅವಳು ನಂಬಿದಳೋ ಇಲ್ಲವೋ, ನನ್ನ ಕೈ ಹಿಡಿದು ಗೇಟಿನ ಕಡೆ ನಡೆದಳು.